ಸಂಪಾದಕೀಯ: ಆ ಪೋರ್ಟರ್ ಪಾತ್ರದ ನಟ

ರಾಜ್ಯೋತ್ಸವದ ಸಂಚಿಕೆ ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕಾಗಿದೆ. ಉಳಿದ ಪುಟಗಳೆಲ್ಲ ಸಿದ್ಧವಾಗಿದ್ದು, ಈ ಪುಟವೊಂದು ಮಾತ್ರ ಖಾಲಿಯಿದೆ. ಕಳೆದ ಭಾನುವಾರ ಮಕ್ಕಳ ನಾಟಕದ ತಾಲೀಮಿನಲ್ಲಿ, ದ್ವಾರಪಾಲಕನ ಪಾತ್ರ ಸಿಕ್ಕಿದ್ದ ಹುಡುಗನೊಬ್ಬ ನನ್ನ ಹತ್ತಿರ ಬಂದು, "ಆಂಟಿ, ನನಗಿರೋದು ಎರಡೇ ಮಾತು. ನಾನು ಬರದೇ ಇದ್ರೂ ನಾಟಕ ನಡೆಯುತ್ತೆ ಅಲ್ವಾ?" ಎಂದು ಕೇಳಿದ. ಆ ಗದ್ದಲದಲ್ಲಿ ಅವನಿಗೆ ಸಮಾಧಾನವಾಗಿ ಉತ್ತರಿಸಲು ಆಗಲಿಲ್ಲ. ನಾವು ಬದುಕು ಕಟ್ಟಿಕೊಂಡಿರುವ ಈ ದಕ್ಷಿಣ ಆಫ್ರಿಕಾದಲ್ಲೇ ಹುಟ್ಟಿ, ಇಲ್ಲೇ ಮಣ್ಣಾದ ವಿನ್‌ಸ್ಟನ್ ಎನ್‌ಚೋನಾ ಎಂಬ ನಟನ ಬದುಕಿನಲ್ಲಿ ಆ ಹುಡುಗನ ಪ್ರಶ್ನೆಗೆ ಉತ್ತರವಿದೆ ಎಂದು ನನಗೆ ಅನ್ನಿಸಿದ್ದರಿಂದ, ಈ ಪುಟವನ್ನು ಅವರಿಗೆ ಮೀಸಲಿಡುತ್ತಿದ್ದೇನೆ.

ಅವರ ಹೆಸರು ತಿಳಿಯುವುದಕ್ಕೆ ಎಷ್ಟೋ ವರ್ಷ ಮೊದಲೇ ನಾನು ಅವರ ಮುಖವನ್ನು ನೋಡಿದ್ದೆ. ರಿಚರ್ಡ್ ಆಟೆನ್‌ಬರೋ ನಿರ್ದೇಶಿಸಿದ 'ಗಾಂಧಿ' ಚಿತ್ರ 1982ರ ಕೊನೆಯಲ್ಲಿ ಬಿಡುಗಡೆಯಾಗಿ, ತಿಪಟೂರಿಗೆ ಬರುವ ಹೊತ್ತಿಗೆ ಮರುವರ್ಷದ ಬೇಸಿಗೆ ಹತ್ತಿರವಾಗಿತ್ತು. ನಮ್ಮ ಹೆಡ್‌ಮಾಸ್ತರು ಇಡೀ ಶಾಲೆಯನ್ನು ಸಾಲಾಗಿ ನಡೆಸಿಕೊಂಡು ಟಾಕೀಸಿಗೆ ಕರೆದೊಯ್ದರು. ಹುಡುಗಿಯರಿಗೆ ಬೆಂಚು, ಹುಡುಗರಿಗೆ ನೆಲ, ಕೈಯಲ್ಲಿ ಕಡಲೆಕಾಯಿ ಪೊಟ್ಟಣ. ಹಿಂದಿಗೆ ಡಬ್ ಆಗಿದ್ದ ಆ ಪ್ರತಿಯ ಮಾತುಗಳು ನಮಗೆ ಅರ್ಧಂಬರ್ಧ ತಿಳಿಯುತ್ತಿದ್ದುದರಿಂದ, ಮುಖ್ಯವಾದ ಕಡೆಗಳಲ್ಲಿ ಹೆಡ್‌ಮಾಸ್ತರು ಎದ್ದು ನಿಂತು ಗಟ್ಟಿಯಾಗಿ ಕನ್ನಡದಲ್ಲಿ ಹೇಳುತ್ತಿದ್ದರು. ರೈಲಿನ ದೃಶ್ಯ ಬಂತು. ಮೊದಲ ದರ್ಜೆಯ ಡಬ್ಬಿಯಲ್ಲಿ ಕೋಟು ತೊಟ್ಟ ತರುಣ ಬ್ಯಾರಿಸ್ಟರ್ ಪುಸ್ತಕ ಹಿಡಿದು, ನರಕದ ಬಗ್ಗೆ, ಧರ್ಮದ ಬಗ್ಗೆ ಅಲ್ಲಿದ್ದ ಕಪ್ಪುವರ್ಣದ ಪೋರ್ಟರನೊಡನೆ ಉತ್ಸಾಹದಿಂದ ಮಾತಾಡುತ್ತಿದ್ದ. ಪೋರ್ಟರ್ ವಿನಯದಿಂದ ಕೇಳಿಸಿಕೊಂಡು, ಈ ದೇಶಕ್ಕೆ ಬಂದು ಎಷ್ಟು ದಿನವಾಯಿತೆಂದು ವಿಚಾರಿಸಿದ. ಒಂದು ವಾರ ಎಂಬ ಉತ್ತರ ಬಂದಾಗ ಅವನ ಮುಖದಲ್ಲಿ ಆದ ಬದಲಾವಣೆಗೆ ಹೆಡ್‌ಮಾಸ್ತರ ಅನುವಾದ ಬೇಕಾಗಲಿಲ್ಲ. ಮುಂದೆ ಆಗಲಿರುವುದನ್ನು ಮೊದಲೇ ಬಲ್ಲವನ ಮುಖ ಅದು. ಎದುರಿಗಿರುವವನಿಗಾಗಿ ಮರುಕ, ತನಗಾಗಿ ಭಯ, ಇಷ್ಟೂ ತಿಳಿಯದೆ ಇಲ್ಲಿ ಬಂದು ಕುಳಿತಿದ್ದಾನಲ್ಲ ಎಂಬ ಬೆರಗು, ಮೂರೂ ಒಟ್ಟಿಗೇ ಇದ್ದವು. ಸ್ವಲ್ಪ ಹೊತ್ತಿನಲ್ಲೇ ಗಾಂಧೀಜಿ ಪ್ಲಾಟ್‌ಫಾರಂ ಮೇಲೆ ಬಿದ್ದಿದ್ದರು, ಟಾಕೀಸಿನಲ್ಲಿ ಅಳು ಎದ್ದಿತ್ತು.

ರಾತ್ರಿ ಮನೆಯಲ್ಲಿ ನಾನು ಅಜ್ಜಿಗೆ ಇಡೀ ಸಿನಿಮಾದ ಕಥೆ ಹೇಳಿದೆ. ಉಪ್ಪಿನ ಸತ್ಯಾಗ್ರಹ, ಜಲಿಯನ್‌ವಾಲಾಬಾಗ್, ಕೊನೆಗೆ ಗುಂಡೇಟು, ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಅಜ್ಜಿ, "ಅಲ್ಲಾ ಕಣೇ, ಆ ರೈಲ್ನಾಗಿದ್ದ ಪೋರ್ಟರ್‌ಗೆ ಆಮೇಲೇನಾಯ್ತು?" ಎಂದು ಕೇಳಿದರು. ಗಾಂಧೀಜಿಯನ್ನೇ ಹೊರದಬ್ಬಿದವರು, ಅವರೊಡನೆ ಮಾತಾಡುತ್ತ ನಿಂತಿದ್ದ ಬಡಪಾಯಿಯನ್ನು ಸುಮ್ಮನೆ ಬಿಟ್ಟಿರುತ್ತಾರೆಯೇ ಎಂಬುದು ಅವರ ಆತಂಕವಾಗಿತ್ತು. ಸಿನಿಮಾವನ್ನು ಕಣ್ಣಿಂದ ನೋಡಿರದ ಅಜ್ಜಿಯ ಮನಸ್ಸಿನಲ್ಲೂ ಆ ಮನುಷ್ಯ ಉಳಿದುಬಿಟ್ಟಿದ್ದ.

ಆ ಪಾತ್ರ ಮಾಡಿದ ಎನ್‌ಚೋನಾ ಅವರು 1941ರಲ್ಲಿ, ಇಂದು ಗೆಬೆರಾ ಎಂದು ಕರೆಯಲಾಗುತ್ತಿರುವ ಪೋರ್ಟ್ ಎಲಿಜಬೆತ್ ನಗರದಲ್ಲಿ ಹುಟ್ಟಿದವರು. ಅಲ್ಲಿನ ಕಪ್ಪುಜನರ ಬಡಾವಣೆಯಾದ ನ್ಯೂ ಬ್ರೈಟನ್ ಅವರ ಊರು. ಶಾಲೆಯ ದಿನಗಳಿಂದಲೂ ಗೆಳೆಯರಾಗಿದ್ದ ಜಾನ್ ಕಾನಿ ಅವರು ಎನ್‌ಚೋನಾರನ್ನು 'ಸರ್ಪೆಂಟ್ ಪ್ಲೇಯರ್ಸ್' ಎಂಬ ನಾಟಕ ತಂಡಕ್ಕೆ ಕರೆತಂದರು. ಈ ತಂಡದ ಬಗ್ಗೆ ನಮ್ಮಂಥವರು ತಿಳಿಯಲೇಬೇಕು. 1963ರಲ್ಲಿ ನ್ಯೂ ಬ್ರೈಟನ್ನಿನ ಕೆಲವರು ನಾಟಕಕಾರ ಆಥೊಲ್ ಫುಗಾರ್ಡ್ ಅವರ ಮನೆಗೆ ಹೋಗಿ, ನಾಟಕ ಮಾಡಲು ನೆರವಾಗಬೇಕೆಂದು ಕೇಳಿಕೊಂಡಿದ್ದರಿಂದ ಹುಟ್ಟಿಕೊಂಡದ್ದು ಇದು. ಹಗಲು ಕಾರ್ಖಾನೆಯಲ್ಲಿ, ಶಾಲೆಯಲ್ಲಿ, ಬಿಳಿಯರ ಮನೆಗಳಲ್ಲಿ ದುಡಿದು ಬಂದವರು ರಾತ್ರಿ ತಾಲೀಮು ಮಾಡುತ್ತಿದ್ದರು. ಕಾನಿ ಫೋರ್ಡ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು, ಎನ್‌ಚೋನಾ ಕೂಡ ಕಾರ್ಖಾನೆಯ ನೌಕರರೇ. ಸೊಫೊಕ್ಲಿಸ್, ಬ್ರೆಕ್ಟ್, ಬ್ಯೂಕ್ನರ್ ಮುಂತಾದವರ ನಾಟಕಗಳನ್ನು ಇವರು ಆಡಿದ್ದು ಪೊಲೀಸರ ಕಣ್ಗಾವಲಿನಲ್ಲಿ. ತಂಡದ ಹಲವರು ಒಬ್ಬೊಬ್ಬರಾಗಿ ಬಂಧನಕ್ಕೊಳಗಾಗಿ ರಾಬೆನ್ ದ್ವೀಪದ ಸೆರೆಮನೆ ಸೇರಿದರು. ಹವ್ಯಾಸಿ ರಂಗಭೂಮಿ ಎಂದು ನಾವು ಕರೆಯುವುದನ್ನು ಇದಕ್ಕಿಂತ ಕಠಿಣವಾದ ಸ್ಥಿತಿಯಲ್ಲಿ ನಡೆಸಿದವರನ್ನು ನಾನು ಕೇಳಿಲ್ಲ.

ಕಾನಿ ಮತ್ತು ಎನ್‌ಚೋನಾ ಕೆಲಸ ಬಿಟ್ಟು ಪೂರ್ಣಾವಧಿ ನಟರಾಗಲು ನಿರ್ಧರಿಸಿದಾಗ, ಕಪ್ಪುಜನರಿಗೆ ನಟ ಎಂಬ ಉದ್ಯೋಗವನ್ನು ವರ್ಣಭೇದದ ಕಾನೂನು ಒಪ್ಪುತ್ತಿರಲಿಲ್ಲ. ಹೀಗಾಗಿ ಕಾಗದಪತ್ರಗಳಲ್ಲಿ ಅವರು ಫುಗಾರ್ಡರ ಮನೆಯಾಳುಗಳೆಂದು ನಮೂದಾದರು. ಮೂವರೂ ಕೂಡಿ, ಲಿಖಿತ ಪಠ್ಯವಿಲ್ಲದೆ, ಆಡುತ್ತ ಆಡುತ್ತಲೇ ಕಟ್ಟಿದ ನಾಟಕ 'ಸಿಜ್ವೆ ಬಾನ್ಸಿ ಈಸ್ ಡೆಡ್'. ಅದು 1972ರ ಅಕ್ಟೋಬರಿನಲ್ಲಿ ಕೇಪ್‌ಟೌನಿನ 'ದಿ ಸ್ಪೇಸ್' ರಂಗಮಂದಿರದಲ್ಲಿ ಮೊದಲ ಪ್ರದರ್ಶನ ಕಂಡಿತು. ಹದಿನಾರು ದಾಟಿದ ಪ್ರತಿಯೊಬ್ಬ ಕಪ್ಪು ಮನುಷ್ಯನೂ ಸದಾ ಜೇಬಿನಲ್ಲಿಟ್ಟುಕೊಂಡಿರಬೇಕಾಗಿದ್ದ ಪಾಸ್‌ಬುಕ್ಕೇ, ಅಂದರೆ ಎಲ್ಲಿರಬಹುದು, ಎಲ್ಲಿ ದುಡಿಯಬಹುದು ಎಂಬುದನ್ನು ನಮೂದಿಸಿದ ಗುರುತಿನ ಪುಸ್ತಕವೇ, ಅದರ ವಸ್ತು. ಹಳ್ಳಿಯಿಂದ ಕೆಲಸ ಹುಡುಕಿಕೊಂಡು ಬಂದ ಸಿಜ್ವೆಗೆ ನಗರದಲ್ಲಿರಲು ಅನುಮತಿಯಿಲ್ಲ. ರಾತ್ರಿ ದಾರಿಯಲ್ಲಿ ಸಿಕ್ಕ ಹೆಣದ ಪಾಸ್‌ಬುಕ್ಕಿನಲ್ಲಿ ಅನುಮತಿಯ ಮುದ್ರೆ ಇದೆ. ಆ ಸತ್ತವನ ಹೆಸರನ್ನು ತಾನು ಹೊತ್ತು, ತನ್ನ ಹೆಸರನ್ನು ಸಾಯಿಸಿದರೆ ಹೆಂಡತಿ ಮಕ್ಕಳಿಗೆ ಅನ್ನ ಸಿಗುತ್ತದೆ. ಕಾನಿ ಇದರಲ್ಲಿ ಮಾತಿನ ಮಲ್ಲ, ಒಂದಕ್ಕಿಂತ ಹೆಚ್ಚು ಪಾತ್ರ ಅವರದು. ಎನ್‌ಚೋನಾ ಮಾಡಿದ ಸಿಜ್ವೆಯಾದರೋ ತಡೆದು ತಡೆದು ಮಾತಾಡುವ, ಹೊಸ ಸೂಟು ತೊಟ್ಟು ಫೋಟೋ ತೆಗೆಸಿಕೊಳ್ಳಲು ಮುಜುಗರದಿಂದ ನಗುವ ಸರಳ ಮನುಷ್ಯ. ನಾಟಕದ ಭಾರವೆಲ್ಲ ನಿಂತಿರುವುದು ಅವನ ಮೇಲೆ.

ಮರುವರ್ಷ ಬಂದ 'ದಿ ಐಲ್ಯಾಂಡ್' ನಾಟಕ ನನಗೆ ಇನ್ನೂ ದೊಡ್ಡದೆನಿಸುತ್ತದೆ. ರಾಬೆನ್ ದ್ವೀಪದ ಇಬ್ಬರು ಕೈದಿಗಳು ಲಂಕೇಶರ ಅನುವಾದದ ಮೂಲಕ ಕನ್ನಡಿಗರಿಗೂ ಪರಿಚಿತಳಾದ, ರಾಜಾಜ್ಞೆ ಮೀರಿ ಸೋದರನ ಹೆಣಕ್ಕೆ ಮಣ್ಣು ಕೊಟ್ಟ ಗ್ರೀಕ್ ನಾಯಕಿ ಅಂತಿಗೊನೆಯ ಕಥೆಯನ್ನು ಸೆರೆಮನೆಯ ಕಾರ್ಯಕ್ರಮಕ್ಕಾಗಿ ಸಿದ್ಧಪಡಿಸುತ್ತಾರೆ. ಪಾತ್ರಗಳಿಗೆ ನಟರದೇ ಹೆಸರು, ಜಾನ್ ಮತ್ತು ವಿನ್‌ಸ್ಟನ್. ಜಾನನ ಶಿಕ್ಷೆ ಕಡಿತವಾಗಿ, ಬಿಡುಗಡೆಗೆ ಇನ್ನು ಮೂರೇ ತಿಂಗಳು ಉಳಿದಿದೆ ಎಂಬ ಸುದ್ದಿ ಬರುತ್ತದೆ, ವಿನ್‌ಸ್ಟನ್‌ನದು ಜೀವಾವಧಿ. ಗೆಳೆಯನ ಬಿಡುಗಡೆಗೆ ಮೊದಲು ಸಂತೋಷಪಟ್ಟು, ಆಮೇಲೆ ಆ ಸಂತೋಷವೇ ಹೊಟ್ಟೆಯಲ್ಲಿ ಸಂಕಟವಾಗುವ ಭಾಗ ಎನ್‌ಚೋನಾರದು. ಹೆಣ್ಣುವೇಷ ಹಾಕಿದರೆ ಎಲ್ಲರೂ ನಗುತ್ತಾರೆಂದು ಹಟ ಹಿಡಿದ ಆತನೇ ಕೊನೆಗೆ ಅಂತಿಗೊನೆಯಾಗಿ ನಿಂತು, ತಲೆಯ ಟೋಪನ್ನು ಕಿತ್ತೆಸೆದು ತಾನು ತಾನಾಗಿಯೇ ಮಾತಾಡುತ್ತಾನೆ. ಇದಕ್ಕೆ ನಿಜದ ಬೇರುಗಳಿವೆ: ಬಂಧನದಲ್ಲಿದ್ದ ತಂಡದ ಸದಸ್ಯರು ಆ ದ್ವೀಪದಲ್ಲಿ ಅಂತಿಗೊನೆಯನ್ನು ನೆನಪಿನಿಂದಲೇ ಆಡಿದ್ದರು, ನೆಲ್ಸನ್ ಮಂಡೇಲಾ ಅವರೂ ಅಲ್ಲಿ ಕೈದಿಗಳ ಪ್ರದರ್ಶನವೊಂದರಲ್ಲಿ, ಆ ಆಜ್ಞೆ ಹೊರಡಿಸುವ ಕ್ರಿಯಾನ್ ರಾಜನ ಪಾತ್ರ ಮಾಡಿದ್ದರು.

ಈ ಎರಡು ನಾಟಕಗಳು ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರಕ್ಕೂ ಅಲ್ಲಿಂದ ನ್ಯೂಯಾರ್ಕಿನ ಬ್ರಾಡ್‌ವೇಗೂ ಹೋದವು. 1975ರಲ್ಲಿ ಶ್ರೇಷ್ಠ ನಟನಿಗೆ ಕೊಡುವ ಟೋನಿ ಪ್ರಶಸ್ತಿಯನ್ನು ಗೆಳೆಯರಿಬ್ಬರೂ ಹಂಚಿಕೊಂಡರು. ಅವರು ಅಲ್ಲೇ ಉಳಿದುಬಿಡಬಹುದಿತ್ತು. ಜೋಹಾನ್ಸ್‌ಬರ್ಗಿನ ಜೇಕ್ಸ್ ಮೊಕಾಯ್ ಎಂಬ ಮತ್ತೊಬ್ಬ ಮಹಾನ್ ನಟ ಹಾಗೆ ಹೊರಟುಹೋಗಿ, ಅಮೆರಿಕದಲ್ಲಿ ನೆಲೆಸಿ, ಅನೇಕ ಚಿತ್ರಗಳಲ್ಲಿ ಪೋಷಕ ಪಾತ್ರ ಮಾಡಿದರು, 1982ರಲ್ಲಿ ಅವರಿಗೂ ಟೋನಿ ಬಂತು. ಹೋದವರನ್ನು ದೂರುವ ಅಧಿಕಾರ ನಮಗೆ ಯಾರಿಗೂ ಇಲ್ಲ. ಆದರೂ ಎನ್‌ಚೋನಾ ಆ ಪ್ರಶಸ್ತಿಯೊಡನೆ ಪಾಸ್‌ಬುಕ್ ಕೇಳುವ ಊರಿಗೇ ಮರಳಿದರೆಂಬುದನ್ನು ಓದಿದ ದಿನ ನಾನು ಬಹಳ ಹೊತ್ತು ಬೇರೇನನ್ನೂ ಓದಲಾರದೆ ಹೋದೆ.

1976ರ ಅಕ್ಟೋಬರಿನಲ್ಲಿ, ಕಪ್ಪುಜನರಿಗೆಂದು ವರ್ಣಭೇದ ಸರ್ಕಾರ ಬೇರ್ಪಡಿಸಿದ್ದ ಟ್ರಾನ್ಸ್‌ಕೈ ಪ್ರಾಂತ್ಯಕ್ಕೆ ಹೆಸರಿಗೊಂದು ಸ್ವಾತಂತ್ರ್ಯ ಕೊಡುವ ಸಿದ್ಧತೆ ನಡೆದಿದ್ದಾಗ, ಅಲ್ಲಿನ ಬಟರ್‌ವರ್ತ್ ಎಂಬಲ್ಲಿ ಸಿಜ್ವೆಯ ನಾಟಕ ಆಡಿದ್ದಕ್ಕಾಗಿ ಇಬ್ಬರನ್ನೂ ಬಂಧಿಸಲಾಯಿತು. ಹಲವು ದೇಶಗಳ ರಂಗಕರ್ಮಿಗಳು ಪ್ರತಿಭಟಿಸಿದ ಮೇಲೆ ಅವರ ಬಿಡುಗಡೆಯಾಯಿತು. ಅದೇ ತಿಂಗಳಲ್ಲಿ, ತುರ್ತು ಪರಿಸ್ಥಿತಿಯ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ, 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ನಾವೆಲ್ಲ ಬಲ್ಲ ಸ್ನೇಹಲತಾ ರೆಡ್ಡಿಯವರು ಆಸ್ತಮಾದಿಂದ ನರಳುತ್ತ ವಿಚಾರಣೆಯಿಲ್ಲದೆ ಬಂಧನದಲ್ಲಿದ್ದರು. 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ನಮ್ಮ ಎರಡೂ ಊರುಗಳ ಈ ಎರಡು ಸೆರೆಗಳು ನನ್ನ ಮನಸ್ಸಿನಲ್ಲಿ ಅಕ್ಕಪಕ್ಕದಲ್ಲೇ ಇವೆ.

ಆಮೇಲಿನ ಸಿನಿಮಾ ಪಾತ್ರಗಳು ಹೆಚ್ಚಾಗಿ ಚಿಕ್ಕವು. 1978ರ 'ದಿ ವೈಲ್ಡ್ ಗೀಸ್' ಚಿತ್ರದಲ್ಲಿ ಪದಚ್ಯುತನಾದ ಆಫ್ರಿಕನ್ ನಾಯಕ ಲಿಂಬಾನಿಯಾಗಿ, ತನ್ನನ್ನು ಹೆಗಲ ಮೇಲೆ ಹೊತ್ತು ನಡೆಯುವ ಬಿಳಿಯ ಸೈನಿಕನೊಡನೆ ಅವರು ಆಡುವ ಮೆಲುಮಾತುಗಳು ಆ ಗುಂಡಿನ ಸದ್ದಿನ ಚಿತ್ರದ ಅತ್ಯುತ್ತಮ ಭಾಗ. 1989ರ 'ಎ ಡ್ರೈ ವೈಟ್ ಸೀಸನ್' ಚಿತ್ರದಲ್ಲಿ ಅವರು ಗಾರ್ಡನ್ ಎಂಬ ತೋಟದ ಮಾಲಿ. 1976ರ ಸೊವೆಟೊ ವಿದ್ಯಾರ್ಥಿ ದಂಗೆಯಲ್ಲಿ ಮಗನನ್ನು ಕಳೆದುಕೊಂಡು, ಸತ್ಯ ಹುಡುಕಹೋಗಿ ಪೊಲೀಸರ ವಶದಲ್ಲಿ ಸಾಯುತ್ತಾನೆ. ಚಿತ್ರದ ಮೊದಲ ಭಾಗದಲ್ಲೇ ಮುಗಿಯುವ ಈ ಪಾತ್ರ ಕೊನೆಯವರೆಗೂ ನಮ್ಮನ್ನು ಕಾಡುತ್ತದೆ. ಒಡೆಯನೆದುರು ಟೋಪಿ ಕೈಯಲ್ಲಿ ಹಿಡಿದು ನಿಂತಾಗಲೂ ಅವರ ಬೆನ್ನು ಬಾಗಿರುವುದಿಲ್ಲ. ಇನ್ನು 'ಗಾಂಧಿ' ಚಿತ್ರದಲ್ಲಿ ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರದ ಜನರಲ್ ಸ್ಮಟ್ಸ್ ಆಗಿ ನಟಿಸಿದವರು ಸ್ವತಃ ಫುಗಾರ್ಡ್. ಇಬ್ಬರೂ ಒಂದೇ ದೃಶ್ಯದಲ್ಲಿ ಎದುರಾಗುವುದಿಲ್ಲ, ಆದರೆ ಕೇಪ್‌ಟೌನಿನ ಪುಟ್ಟ ರಂಗಮಂದಿರದ ಇಬ್ಬರನ್ನು ತಿಪಟೂರಿನ ಟಾಕೀಸಿನಲ್ಲಿ ನಾವು ಒಂದೇ ಮಧ್ಯಾಹ್ನ ನೋಡಿದ್ದೆವೆಂಬುದು ನನಗೆ ಈಗಲೂ ರೋಮಾಂಚನದ ವಿಷಯ.

ವಯಸ್ಸಾದ ಮೇಲೆಯೂ ಗೆಳೆಯರಿಬ್ಬರು ಆ ಎರಡು ನಾಟಕಗಳಿಗೆ ಮತ್ತೆ ಮತ್ತೆ ಮರಳಿದರು. 2000ದಲ್ಲಿ 'ದಿ ಐಲ್ಯಾಂಡ್', 2007ರಲ್ಲಿ ಸಿಜ್ವೆ, ಎರಡೂ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ನಡೆದವು. 2010ರಲ್ಲಿ ಸರ್ಕಾರ ಎನ್‌ಚೋನಾರಿಗೆ 'ಆರ್ಡರ್ ಆಫ್ ಇಖಮಾಂಗಾ' ಗೌರವ ನೀಡಿತು. 2018ರ ಆಗಸ್ಟ್ 2ರಂದು, ದೀರ್ಘಕಾಲದ ಅನಾರೋಗ್ಯದ ನಂತರ, ಎಪ್ಪತ್ತಾರನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಆ ಪೋರ್ಟರ್‌ಗೆ ಆಮೇಲೇನಾಯಿತೆಂದು ಕೇಳಿದ ಅಜ್ಜಿಗೆ ಇದನ್ನೆಲ್ಲ ಹೇಳುವ ಅವಕಾಶ ನನಗಿರಲಿಲ್ಲ.

ಸೂಚನೆಗಳನ್ನು ಇಲ್ಲೇ ಸೇರಿಸುತ್ತಿದ್ದೇನೆ, ಬೇರೆ ಪುಟದಲ್ಲಿ ಜಾಗವಿಲ್ಲ. ರಾಜ್ಯೋತ್ಸವ ನವೆಂಬರ್ ಎರಡನೆಯ ಶನಿವಾರ ಮಧ್ಯಾಹ್ನ 3 ಗಂಟೆಗೆ, ಎಂದಿನ ಶಾಲಾ ಸಭಾಂಗಣದಲ್ಲಿ. ಬಿಸಿಬೇಳೆಬಾತ್, ಕೋಸಂಬರಿ, ಮೊಸರನ್ನದ ಹೊಣೆ ಹೊತ್ತವರು ಹಿಂದಿನ ಭಾನುವಾರದೊಳಗೆ ಊಟಕ್ಕೆ ಬರುವವರ ಲೆಕ್ಕ ಪಡೆಯುತ್ತಾರೆ, ದಯವಿಟ್ಟು ಹೆಸರು ಕೊಡಿ. ಮಕ್ಕಳ ಕೊನೆಯ ಎರಡು ತಾಲೀಮುಗಳಿಗೆ ಎಲ್ಲ ಪಾತ್ರಧಾರಿಗಳೂ ಬರಲೇಬೇಕು, ದ್ವಾರಪಾಲಕರೂ ಸೇರಿ. ಕನ್ನಡ ತರಗತಿಗಳು ಬೇಸಿಗೆ ರಜೆಯ ನಂತರ ಜನವರಿಯಲ್ಲಿ ಶಾಲೆಗಳೊಡನೆಯೇ ಆರಂಭವಾಗುತ್ತವೆ. ನಮ್ಮ ನಾಟಕಗಳನ್ನು ಇಷ್ಟು ವರ್ಷ ನಿರ್ದೇಶಿಸಿದ ದಂಪತಿ ಮೈಸೂರಿಗೆ ಮರಳಿದ್ದಾರೆ. ಅವರ ಜಾಗ ತುಂಬುವವರು ಇನ್ನೂ ಸಿಕ್ಕಿಲ್ಲ. ಈ ಸುದ್ದಿಪತ್ರದ ಬೆರಳಚ್ಚು, ಕರಡು ತಿದ್ದುವುದು, ಪುಟ ಜೋಡಣೆ ಎಲ್ಲವೂ ಕಚೇರಿಯ ಕೆಲಸ ಮುಗಿದ ಮೇಲೆ ರಾತ್ರಿ ನಡೆಯುತ್ತಿದ್ದು, ಒಬ್ಬಳಿಂದ ಮುಂದುವರಿಸುವುದು ಕಷ್ಟವಾಗಿದೆ. ತಿಂಗಳಿಗೆ ಒಂದೆರಡು ಸಂಜೆ ಕೊಡಬಲ್ಲ ಇಬ್ಬರು ಮುಂದೆ ಬಂದರೆ ಯುಗಾದಿ ಸಂಚಿಕೆ ಹೊರಬರುತ್ತದೆ.

ಇನ್ನೊಂದು ಬೇಡಿಕೆ. ಮುಂದಿನ ವರ್ಷ 'ದಿ ಐಲ್ಯಾಂಡ್' ನಾಟಕವನ್ನು ಕನ್ನಡದಲ್ಲಿ ಆಡಲು ಅನುಮತಿ ಕೇಳಬೇಕೆಂದು ಕಾರ್ಯಕಾರಿ ಸಮಿತಿಗೆ ಸೂಚಿಸಿದ್ದೇನೆ. ರಂಗಸಜ್ಜಿಕೆ ಬಹುತೇಕ ಬೇಡ, ಪಾತ್ರಗಳು ಎರಡೇ. ನಾಟಕ ಶುರುವಾದಾಗ ಇಬ್ಬರೂ ಮರಳನ್ನು ತೋಡಿ, ಕೈಗಾಡಿಗೆ ತುಂಬಿ, ಒಬ್ಬರ ಗುಂಡಿಯ ಮರಳನ್ನು ಇನ್ನೊಬ್ಬರ ಗುಂಡಿಗೆ ಸುರಿಯುತ್ತ, ಬಹಳ ಹೊತ್ತು ಮಾತೇ ಇಲ್ಲದೆ, ಬರಿಗೈಯಲ್ಲಿ ಅಭಿನಯಿಸಬೇಕು. ಅದಕ್ಕೆ ದಿನಾಲೂ ತಾಲೀಮು ಬೇಕಾಗುತ್ತದೆ. ಒಪ್ಪುವವರು ರಾಜ್ಯೋತ್ಸವದ ದಿನ ಊಟದ ಹೊತ್ತಿಗೆ ನನ್ನ ಬಳಿ ಹೆಸರು ಬರೆಸಿ.