ಒಗೆತದ ಖರ್ಚೆಲ್ಲ ಬಿಸಿಯಲ್ಲಿದೆ

ಮಾನ್ಯ ಸದಸ್ಯರೇ,

ಡಿಸೆಂಬರ್ ರಜೆ ಹತ್ತಿರವಾದಂತೆ ನಮ್ಮ ಸಂಘದಲ್ಲಿರುವ ದಾವಣಗೆರೆ, ಚಿತ್ರದುರ್ಗದ ಕಡೆಯ ಕುಟುಂಬಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಊರಿನಲ್ಲಿರುವ ಅಪ್ಪ ಅಮ್ಮನಿಗೆ ಯಾವ ವಾಷಿಂಗ್ ಮಷಿನ್ ಕೊಡಿಸುವುದು? ಇಲ್ಲಿ ಬ್ರಿಟನ್ನಿನಲ್ಲಿ ನಾವು ಬಳಸುವಂಥದ್ದೇ, ಅಂದರೆ ಹೀಟರ್ ಇರುವ, ಸಾಧ್ಯವಾದರೆ ಡ್ರೈಯರನ್ನೂ ಒಳಗೊಂಡ ದುಬಾರಿ ಯಂತ್ರವೇ ಅವರಿಗೂ ಅನುಕೂಲವೆಂದು ಹಲವರು ಭಾವಿಸುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಒಗೆತದಲ್ಲಿ ಕರೆಂಟು ಎಲ್ಲಿ ಖರ್ಚಾಗುತ್ತದೆಂದು ಒಮ್ಮೆ ಲೆಕ್ಕ ಹಾಕಿದರೆ, ಈ ಎರಡು ಊರುಗಳಿಗೂ ನಾವು ಇರುವ ದೇಶಕ್ಕೂ ಬೇರೆ ಬೇರೆ ಉತ್ತರಗಳೇ ದೊರೆಯುತ್ತವೆ.

ಡ್ರಮ್ಮನ್ನು ತಿರುಗಿಸುವ ಮೋಟಾರು ಒಂದು ಸಲದ ತಣ್ಣೀರಿನ ಒಗೆತಕ್ಕೆ ಕಾಲು ಯುನಿಟ್ಟಿನ ಆಸುಪಾಸಿನಲ್ಲಿ ಕೆಲಸ ಮುಗಿಸುತ್ತದೆ. ಖರ್ಚು ಇರುವುದು ನೀರು ಕಾಯಿಸುವುದರಲ್ಲಿ. ಒಂದು ಲೀಟರ್ ನೀರಿನ ಬಿಸಿಯನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಕಿಲೋಜೂಲ್ ಬೇಕು. ಒಂದು ಯುನಿಟ್ಟೆಂದರೆ 3,600 ಕಿಲೋಜೂಲ್. ಬ್ರಿಟನ್ನಿನ ಚಳಿಗಾಲದಲ್ಲಿ ನಲ್ಲಿಯಿಂದ 10 ಡಿಗ್ರಿಯಲ್ಲಿ ಬರುವ 20 ಲೀಟರ್ ನೀರನ್ನು 60 ಡಿಗ್ರಿಗೆ ಏರಿಸಲು ಒಂದು ಯುನಿಟ್ಟಿಗಿಂತ ಹೆಚ್ಚು ಬೇಕಾದರೆ, ಅದೇ ನೀರನ್ನು 30 ಡಿಗ್ರಿಗೆ ತರಲು ಅರ್ಧ ಯುನಿಟ್ಟು ಸಾಕು. ಇತ್ತೀಚಿನ ವರ್ಷಗಳಲ್ಲಿ ಇಲ್ಲಿ ಯುನಿಟ್ಟಿನ ದರ 25 ಪೆನ್ಸಿನ ಆಸುಪಾಸಿನಲ್ಲಿರುವುದರಿಂದ, ಗುಂಡಿಯೊಂದನ್ನು 30ಕ್ಕೆ ತಿರುಗಿಸಿಡುವುದೇ ಈ ಮನೆಗಳಲ್ಲಿ ಎಲ್ಲಕ್ಕಿಂತ ಸುಲಭದ ಉಳಿತಾಯ. ಇಕೋ ಕಾರ್ಯಕ್ರಮ ಮೂರು ಗಂಟೆ ಓಡುತ್ತದೆಂದು ಹೆದರಿ ಅದನ್ನು ದೂರವಿಡುವವರೂ ಇದ್ದಾರೆ. ಅದು ಹೊತ್ತು ಹೆಚ್ಚು ತೆಗೆದುಕೊಳ್ಳುವುದೇ ನೀರನ್ನು ಕಡಿಮೆ ಕಾಯಿಸಿ, ನೆನೆಯುವುದಕ್ಕೂ ಹೊರಳಾಡುವುದಕ್ಕೂ ಬಟ್ಟೆಗೆ ಅವಕಾಶ ಕೊಡುವುದಕ್ಕಾಗಿ.

ಈಗ ದಾವಣಗೆರೆಯ ತಾರಸಿಗೆ ಬನ್ನಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಕಪ್ಪು ಟ್ಯಾಂಕಿನಿಂದ ಇಳಿಯುವ ನೀರಿಗೆ ಕೈಯೊಡ್ಡಿದವರಿಗೆ ಗೊತ್ತು, ಇಲ್ಲಿನ ಯಂತ್ರ ಅರ್ಧ ಯುನಿಟ್ಟು ಸುಟ್ಟು ತರುವ 30 ಡಿಗ್ರಿಯನ್ನು ಅಲ್ಲಿನ ಬಿಸಿಲು ಪುಕ್ಕಟೆಯಾಗಿ ದಾಟಿಸಿರುತ್ತದೆ. ಸೋಪಿನ ಪುಡಿಯಲ್ಲಿರುವ, ಕಲೆಯನ್ನು ಒಡೆಯುವ ಕಿಣ್ವಗಳಿಗೆ (ಎನ್‌ಜೈಮ್) ಆ ಬಿಸಿ ಧಾರಾಳವಾಗಿ ಸಾಕು. ಹಾಲು, ರಕ್ತದಂಥ ಕಲೆಗಳಿಗಂತೂ ಬಿಸಿನೀರು ತಾಗಿದರೆ ಅವು ಇನ್ನಷ್ಟು ಗಟ್ಟಿಯಾಗಿ ಕೂರುತ್ತವೆ. ಮಂಡಕ್ಕಿ ಒಗ್ಗರಣೆಯ ಅರಿಶಿನ ಬಿಳಿ ಅಂಗಿಗೆ ಹತ್ತಿದಾಗ ಸೋಪು ಸೋಕಿ ಕೆಂಪಾಗುವುದನ್ನು ನೋಡಿ ಗಾಬರಿಯಾಗಿ 60 ಡಿಗ್ರಿಗೆ ಹಾಕುವುದು ಬೇಕಿಲ್ಲ. ಅದು ಕ್ಷಾರಕ್ಕೆ ಅರಿಶಿನ ತೋರುವ ಬಣ್ಣ, ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹರವಿದರೆ ಮಂಕಾಗುತ್ತ ಹೋಗುತ್ತದೆ. ಕಾಯಿಲೆಯವರ ಹಾಸಿಗೆ ಬಟ್ಟೆಗೆ, ಧೂಳಿನ ಅಲರ್ಜಿ ಇರುವವರ ಹೊದಿಕೆಗೆ ಮಾತ್ರ 60 ಡಿಗ್ರಿ ನಿಜವಾಗಿ ಬೇಕು. ಯಂತ್ರದ ಒಳಗೆ ಕೂರುವ ಜಿಡ್ಡು, ವಾಸನೆ ಹೋಗಲು ತಿಂಗಳಿಗೊಮ್ಮೆ ಅಂಥ ಒಂದು ಒಗೆತ ಸಾಕು.

ಅಲ್ಲಿ ಬಿಲ್ಲಿನ ಲೆಕ್ಕವೂ ಬೇರೆ. ಈ ಎರಡೂ ಜಿಲ್ಲೆಗಳಿಗೆ ಬೆಸ್ಕಾಂ ವಿದ್ಯುತ್ ಪೂರೈಸುತ್ತದೆ, ಮತ್ತು 2023ರ ಗೃಹಜ್ಯೋತಿ ಯೋಜನೆಯಡಿ ಸಾಮಾನ್ಯವಾಗಿ ಹಿಂದಿನ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಯುನಿಟ್ಟು ಉಚಿತ. ಅದನ್ನು ಮೀರಿದರೆ ಹೆಚ್ಚುವರಿಗೆ ಹಣ. ತಿಂಗಳ ಬಳಕೆ 200 ಯುನಿಟ್ಟನ್ನು ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ದಿನಕ್ಕೊಂದು ಬಿಸಿ ಒಗೆತ ತಿಂಗಳಿಗೆ ಮೂವತ್ತು ಯುನಿಟ್ಟಿನ ಹತ್ತಿರ ಏರಿಸುತ್ತದೆ. ಬೇಸಿಗೆಯಲ್ಲಿ ಫ್ಯಾನು, ಫ್ರಿಜ್ಜುಗಳಿಂದಲೇ 180ರ ಸುತ್ತ ನಿಂತಿರುವ ಮನೆಯನ್ನು ಮಕ್ಕಳು ಪ್ರೀತಿಯಿಂದ ಕೊಡಿಸಿದ ಹೀಟರೊಂದೇ ಗೆರೆ ದಾಟಿಸಿಬಿಡಬಹುದು.

ಇನ್ನು ನೀರಿನ ಗುಣ. ನದಿಯ ನಲ್ಲಿ ನೀರಿನಲ್ಲಿ ನೊರೆ ಸಲೀಸಾಗಿ ಬರುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ನುಂಗಿಹಾಕುವುದರಿಂದ ಜನ ಪುಡಿ ಸುರಿಯುತ್ತಲೇ ಹೋಗುತ್ತಾರೆ, ಆದರೂ ಟವೆಲ್ಲು ಒಣಗಿದಾಗ ಹಪ್ಪಳದಂತೆ ನಿಲ್ಲುತ್ತದೆ. ಆ ನೀರನ್ನು ಕಾಯಿಸಿದರೆ ಸುಣ್ಣದ ಪದರ ಹೀಟರಿನ ಸುರುಳಿಗೇ ಕಟ್ಟಿಕೊಳ್ಳುತ್ತದೆ, ಮುಂದೆ ಅದೇ ಬಿಸಿಗೆ ಹೆಚ್ಚು ಹೊತ್ತು ಬೇಕಾಗುತ್ತದೆ, ಕಡೆಗೆ ರಿಪೇರಿಯವನು ಬರಬೇಕಾಗುತ್ತದೆ. ಮನೆಗೆ ಎರಡೂ ನೀರು ಬರುವುದಾದರೆ ಯಂತ್ರಕ್ಕೆ ನಲ್ಲಿ ನೀರಿನ ಪೈಪನ್ನೇ ಜೋಡಿಸಿ.

ಒಣಗಿಸುವ ವಿಷಯಕ್ಕೆ ಬಂದರೆ, ಡ್ರೈಯರ್ ನೀರನ್ನು ಕಾಯಿಸಿದರಷ್ಟೇ ಸಾಲದು, ಅದನ್ನು ಆವಿಯಾಗಿಸಬೇಕು; ಅದಕ್ಕೆ ತಗಲುವ ಶಕ್ತಿ ಲೀಟರಿಗೆ ಮೂರನೇ ಎರಡು ಯುನಿಟ್ಟು. ಹಳೆಯ ಬಗೆಯ ಡ್ರೈಯರ್ ಒಂದು ತುಂಬಿದ ಹೊರೆಗೆ ಸುಮಾರು 4 ಯುನಿಟ್ಟು, ಅಂದರೆ ಇಲ್ಲಿ ಒಂದು ಪೌಂಡಿನಷ್ಟು ನುಂಗುತ್ತದೆ. ಬಿಸಿಯನ್ನು ಹೊರಬಿಡದೆ ಮತ್ತೆ ಬಳಸಿಕೊಳ್ಳುವ ಹೀಟ್ ಪಂಪ್ ಇರುವುದು ಅದರ ಅರ್ಧದಷ್ಟು. ಡ್ರೈಯರ್ ಇಲ್ಲದೆ ಮುಚ್ಚಿದ ಕೋಣೆಯಲ್ಲಿ ಒಣಹಾಕಿದರೆ ಎರಡು ಮೂರು ಲೀಟರ್ ತೇವ ಗೋಡೆಗೆ ಸೇರಿ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಬ್ರಿಟನ್ನಿನ ಮನೆಯಲ್ಲಿ ಒಂದು ಹೀಟ್ ಪಂಪ್ ಡ್ರೈಯರ್ ಇದ್ದರೆ ಅದು ದುಂದುವೆಚ್ಚವಲ್ಲ. ರಾತ್ರಿ ದರ ಅಗ್ಗವೆಂದು ಮಲಗಿರುವಾಗ ಅದನ್ನು ಓಡಿಸುವುದು ಮಾತ್ರ ಬೇಡ. ಇಲ್ಲಿನ ಅಗ್ನಿಶಾಮಕ ದಳಗಳು ಅದರ ವಿರುದ್ಧವೇ ಎಚ್ಚರಿಸುತ್ತವೆ.

ಚಿತ್ರದುರ್ಗದ ಮನೆಗೆ ಡ್ರೈಯರ್ ಕೊಡಿಸುವುದಕ್ಕೆ ಮಾತ್ರ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ. ಬಟ್ಟೆ ಒಣಗುವುದರಲ್ಲಿ ಬಿಸಿಲಿನಷ್ಟೇ ಪಾಲು ಗಾಳಿಯದೂ ಇದೆ. ಬಿಸಿಲು ಮಂಕಾಗುವ ಆಷಾಢ, ಶ್ರಾವಣದಲ್ಲೇ ಆ ಸೀಮೆಯಲ್ಲಿ ಗಾಳಿ ಜೋರು. ದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಹೆಚ್ಚು ವಿದ್ಯುತ್ತು ಕೊಡುವುದೂ ಆ ತಿಂಗಳುಗಳಲ್ಲೇ. ಎರಡು ಬಟ್ಟೆಗಳ ನಡುವೆ ಗೇಣು ಜಾಗ ಬಿಟ್ಟು, ಜಾಡಿಸಿ ಹರವಿ, ಕ್ಲಿಪ್ಪು ಹಾಕಿದರೆ ಮೋಡದ ದಿನವೂ ಸಂಜೆಯೊಳಗೆ ಒಣಗುತ್ತವೆ, ಇಸ್ತ್ರಿಯ ಕರೆಂಟೂ ಉಳಿಯುತ್ತದೆ. ಮೊಳಕಾಲ್ಮೂರು ರೇಷ್ಮೆ ಸೀರೆಯನ್ನು ಯಂತ್ರಕ್ಕೂ ಬಿಸಿಲಿಗೂ ತೋರಿಸಬಾರದೆಂದು ಅಮ್ಮಂದಿರಿಗೆ ಹೇಳಿಕೊಡಬೇಕಾಗಿಲ್ಲ.

ಹಿರಿಯರ ನಿಜವಾದ ತೊಂದರೆ ಮೆಟ್ಟಿಲು. ಎಪ್ಪತ್ತು ದಾಟಿದವರು ಹಸಿಬಟ್ಟೆಯ ಬಕೆಟ್ಟು ಹೊತ್ತು ತಾರಸಿ ಹತ್ತುವುದು ಕಷ್ಟವೆಂದೇ ಮಕ್ಕಳಿಗೆ ಡ್ರೈಯರಿನ ಯೋಚನೆ ಬರುತ್ತದೆ, ಆ ಕಾಳಜಿ ಸರಿಯಾದದ್ದೇ. ಆದರೆ ಅದಕ್ಕೆ ಮದ್ದು ಹಿಂಡುವ ವೇಗದಲ್ಲಿದೆ. ನಿಮಿಷಕ್ಕೆ 1,400 ಸುತ್ತು ತಿರುಗುವ ಯಂತ್ರದಿಂದ ಐದು ಕಿಲೋ ಹತ್ತಿ ಬಟ್ಟೆ ಹೊರಬಂದಾಗ ಅದರಲ್ಲಿ ಉಳಿಯುವ ನೀರು, 1,000 ಸುತ್ತಿನದಕ್ಕಿಂತ ಸುಮಾರು ಅರ್ಧ ಲೀಟರ್ ಕಡಿಮೆ. ಕೈಯಲ್ಲಿ ಹಿಂಡಿದ್ದಕ್ಕೆ ಹೋಲಿಸಿದರಂತೂ ಬಕೆಟ್ಟು ತೀರ ಹಗುರ. ಹಾಗಾಗಿ ಹೀಟರಿನ ಡಿಗ್ರಿಗಳನ್ನು ಬಿಟ್ಟು ಹಿಂಡುವ ವೇಗವನ್ನು ನೋಡಿ ಯಂತ್ರ ಆರಿಸಿ. ಉಳಿದ ದುಡ್ಡಿನ ಒಂದು ಪುಟ್ಟ ಪಾಲಿನಲ್ಲಿ, ಹಗ್ಗ ಎಳೆದರೆ ಇಳಿದು ಬರುವ ರಾಟೆಯ ಕಂಬಿಗಳನ್ನು ಗಾಳಿಯಾಡುವ ಹಿತ್ತಿಲ ವರಾಂಡದ ಸೂರಿಗೆ ಹಾಕಿಸಿ ಬನ್ನಿ. ಮೊಳೆ ಹೊಡೆಯುವ ಮುನ್ನ ಅಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿ, ಅವರ ಕೈಗೆಟಕುವ ಎತ್ತರವನ್ನು ಅಳೆದುಕೊಳ್ಳಿ.