ಪೇಟೆ ಬೀದಿ ಅಗಲ ಮಾಡುವ ಮೊದಲು: ಗೆಳೆಯನಿಗೊಂದು ಪತ್ರ

ಪ್ರಿಯ ಮಂಜು,

ಪುರಸಭೆ ಸದಸ್ಯನಾದೆಯಂತೆ, ಸಂತೋಷ. ಮೊದಲ ಸಭೆಯಲ್ಲೇ ಪೇಟೆ ಬೀದಿ ಅಗಲೀಕರಣದ ಕಡತ ಬಂತು, 40 ಅಡಿ ರಸ್ತೆಯನ್ನು 60 ಅಡಿ ಮಾಡಬೇಕಂತೆ ಎಂದು ಬರೆದಿದ್ದೀಯ. ಅಂಗಡಿ ಗೋಡೆಗಳಿಗೆ ಕೆಂಪು ಗುರುತು ಹಾಕಿಸುವುದಕ್ಕೆ ಮುಂಚೆ ಈಗಿರುವ 40 ಅಡಿಯನ್ನೇ ಸರಿಯಾಗಿ ಅಳೆಸು. ಒಡೆದು ಗಳಿಸಿದ ಜಾಗದಲ್ಲಿ ಕಾರುಗಳು ಬಂದು ನಿಲ್ಲುತ್ತವೆ, ಸಂಚಾರ ಮೊದಲಿನಷ್ಟೇ ನಿಧಾನ. ಪರಿಹಾರಕ್ಕೆ ದುಡ್ಡಿಲ್ಲ, ಟಿಡಿಆರ್ (ಬಿಟ್ಟುಕೊಟ್ಟ ಜಾಗಕ್ಕೆ ದುಡ್ಡಿನ ಬದಲು ಹೆಚ್ಚುವರಿ ಕಟ್ಟಡ ಕಟ್ಟುವ ಹಕ್ಕುಪತ್ರ, ಅದನ್ನು ಮಾರಲೂಬಹುದು) ಕೊಡೋಣ ಎನ್ನುವವರೂ ಇರುತ್ತಾರೆ. ಬೆಂಗಳೂರಿನಲ್ಲಾದರೆ ಅದನ್ನು ಕೊಳ್ಳಲು ಬಿಲ್ಡರ್ ಸಿಗಬಹುದು. ಎರಡು ಮಹಡಿ ದಾಟದ ಊರಿನಲ್ಲಿ ಯಾರು ಕೊಳ್ಳುತ್ತಾರೆ?

40 ಅಡಿ ಅಂದರೆ ಹೆಚ್ಚುಕಡಿಮೆ 12 ಮೀಟರ್. ಎರಡೂ ಬದಿ ಎರಡೂವರೆ ಮೀಟರ್ ಫುಟ್‌ಪಾತ್ ಇಡು. ಐಆರ್‌ಸಿ 103 (ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿ) ಪ್ರಕಾರ ಅದರಲ್ಲಿ ಕನಿಷ್ಠ 1.8 ಮೀಟರ್ ಏನೂ ಅಡ್ಡವಿಲ್ಲದೆ ನಡೆಯಲು ಸಿಗಬೇಕು. ಕಂಬ, ಮರ, ಟ್ರಾನ್ಸ್‌ಫಾರ್ಮರ್ ಎಲ್ಲಾ ಮಿಕ್ಕ ಜಾಗದಲ್ಲಿ. ಉಳಿಯುವ 7 ಮೀಟರಿನಲ್ಲಿ ಒಂದು ಬದಿಯ 2 ಮೀಟರ್ ಬೈಕ್ ನಿಲ್ಲಿಸಲು ಮತ್ತು ಬೆಳಗಿನ ಹೊತ್ತು ಸರಕು ಇಳಿಸಲು. ಒಂದು ಕಾರು ನಿಲ್ಲುವ 5 ಮೀಟರ್ ಉದ್ದದಲ್ಲಿ ಐದು ಬೈಕ್ ಹಿಡಿಯುತ್ತವೆ, ಹಾಗಾಗಿ ಆ ಪಟ್ಟಿಯನ್ನು ಕಾರಿಗೆ ಬಿಡಬೇಡ. ಮಿಕ್ಕ 5 ಮೀಟರ್ ಒಮ್ಮುಖ ಸಂಚಾರಕ್ಕೆ ಧಾರಾಳ. ಎರಡೂ ಕಡೆಯಿಂದ ಬಸ್ ಬರಲೇಬೇಕು ಎಂದರೆ ಈ ಲೆಕ್ಕ ಕೂಡುವುದಿಲ್ಲ, ಪಾರ್ಕಿಂಗ್ ಪಟ್ಟಿ ಬಿಡಬೇಕಾಗುತ್ತದೆ.

ಇನ್ನು ಲೆವೆಲ್, ಅಂದರೆ ರಸ್ತೆ, ಹೊಸ್ತಿಲು ಎಷ್ಟೆಷ್ಟು ಎತ್ತರದಲ್ಲಿವೆ ಎಂಬುದು. ಕೆಲಸ ಕೆಡುವುದೇ ಇಲ್ಲಿ. ಹಳೇ ಡಾಂಬರಿನ ಮೇಲೆ ಮತ್ತೆ ಮತ್ತೆ ಡಾಂಬರು ಹಾಕಿ ರಸ್ತೆ ಏರಿರುತ್ತದೆ, ಅಂಗಡಿ ಹೊಸ್ತಿಲು ಇದ್ದಲ್ಲೇ ಇರುತ್ತದೆ. ಏರಿದ ರಸ್ತೆಯ ಮೇಲೆ ಇನ್ನೂ 200 ಮಿಲಿಮೀಟರ್ ಕಾಂಕ್ರೀಟ್ ಬಿತ್ತೆಂದರೆ ಮೊದಲ ಮಳೆಗೇ ನೀರು ಗಲ್ಲಾಪೆಟ್ಟಿಗೆ ಹತ್ತಿರ. ಲೆಕ್ಕ ಹೀಗೆ ಹಾಕು: ರಸ್ತೆಯ ನಡುವಿನಿಂದ ಅಂಚಿಗೆ ಮೂರೂವರೆ ಮೀಟರ್, ಮೀಟರಿಗೆ 20 ಮಿಲಿಮೀಟರ್ ಇಳಿಜಾರು ಕೊಟ್ಟರೆ ಅಂಚು 70 ಕೆಳಗೆ. ಅಲ್ಲಿಂದ ಕರ್ಬ್ (ಫುಟ್‌ಪಾತ್ ಅಂಚಿನ ಕಲ್ಲು) 150 ಮೇಲೆ. ಫುಟ್‌ಪಾತ್ ನೀರು ರಸ್ತೆ ಕಡೆ ಹರಿಯಬೇಕಾದ್ದರಿಂದ ಅಂಗಡಿ ಕಡೆಗೆ ಇನ್ನೊಂದು 50 ಏರುತ್ತದೆ. ಒಟ್ಟಿನಲ್ಲಿ ಹೊಸ್ತಿಲು ರಸ್ತೆಯ ನಡುವಿಗಿಂತ ಕನಿಷ್ಠ 130 ಮಿಲಿಮೀಟರ್, ಅಂದರೆ ಐದಿಂಚು ಎತ್ತರದಲ್ಲಿರಬೇಕು. ಪ್ರತಿ ಅಂಗಡಿಯ ಹೊಸ್ತಿಲಿನ ಲೆವೆಲ್ ತೆಗೆಸಿ ಪಟ್ಟಿ ಮಾಡಿಸು. ಸಾಲಾಗಿ ಹಲವು ಅಂಗಡಿ ತಗ್ಗಿದ್ದರೆ ಹಳೇ ರಸ್ತೆ ಅಗೆದೇ ಕೆಳಗಿಳಿಸಬೇಕು. ಒಂದೆರಡೇ ಇದ್ದರೆ ಅಲ್ಲಿ ಕರ್ಬ್ 100ಕ್ಕೆ ಇಳಿಸಿ ಸರಿದೂಗಿಸಬಹುದು. ಅಂದಾಜುಪಟ್ಟಿಯಲ್ಲಿ ಅಗೆತದ ಬಾಬ್ತೇ ಇಲ್ಲದಿದ್ದರೆ ಲೆವೆಲ್ ಯಾರೂ ನೋಡಿಲ್ಲ ಎಂದೇ ಅರ್ಥ.

ಮೇಲಿನ ಕೆಲಸಕ್ಕಿಂತ ಮೊದಲು ಕೆಳಗಿನದು. ಒಳಚರಂಡಿ ಅತಿ ಆಳ, ಅದು ಮೊದಲು. ಮ್ಯಾನ್‌ಹೋಲ್ 30 ಮೀಟರಿಗೊಂದು. ಆಮೇಲೆ ನೀರಿನ ಪೈಪು, ಒತ್ತಡ ಕೊಟ್ಟು ಪರೀಕ್ಷಿಸಿದ ಮೇಲೆಯೇ ಮಣ್ಣು ಮುಚ್ಚಬೇಕು. ಖಾಲಿ ನಿವೇಶನಕ್ಕೂ ಈಗಲೇ ಕನೆಕ್ಷನ್ ತಂದು ಗಡಿಯಲ್ಲಿ ಬಿರಡೆ ಹಾಕಿಬಿಡು, ಕೇಬಲ್‌ಗೆಂದು ಒಂದೆರಡು ಖಾಲಿ ಪೈಪು ಹೂತಿಡು. ಬೆಂಗಳೂರಿನ ಟೆಂಡರ್ ಶ್ಯೂರ್ ಯೋಜನೆಯಲ್ಲಿ ಹೊಸದಾಗಿ ಕಟ್ಟಿದ ರಸ್ತೆಗಳಲ್ಲಿ, ಉದಾಹರಣೆಗೆ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ, ಕೇಬಲ್ಲು ಕೊಳವೆಗಳನ್ನು ಫುಟ್‌ಪಾತ್ ಕೆಳಗೆ ತಂದದ್ದು ಇದಕ್ಕೇ: ಕಲ್ಲು ಎತ್ತಿ ರಿಪೇರಿ ಮಾಡಬಹುದು, ರಸ್ತೆ ಅಗೆಯಬೇಕಿಲ್ಲ. ಅಷ್ಟು ದುಬಾರಿ ಕಲ್ಲು ನಿಮಗೆ ಬೇಡ. 60 ಮಿಲಿಮೀಟರ್ ದಪ್ಪದ ಪೇವರ್ (ಜೋಡಿಸುವ ಕಾಂಕ್ರೀಟ್ ಬಿಲ್ಲೆ) ಸಾಕು, ಗೂಡ್ಸ್ ಆಟೊ ಹತ್ತುವ ಕಡೆ 80. ಅಂಚು ಕಟ್ಟದೆ ಬರೀ ಮರಳಿನ ಮೇಲೆ ಜೋಡಿಸಿದರೆ ಒಂದೇ ಮಳೆಗಾಲಕ್ಕೆ ಕುಸಿಯುತ್ತವೆ.

ಹೂವು, ತರಕಾರಿ ಮಾರುವವರನ್ನು ಎಬ್ಬಿಸಿ ಕೆಲಸ ಶುರು ಮಾಡೋಣ ಎಂದು ಯಾರಾದರೂ ಹೇಳಿದರೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ತೋರಿಸು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಈ ಕಾಯ್ದೆಯ ಪ್ರಕಾರ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಮಂದಿ ವ್ಯಾಪಾರಿಗಳೇ ಇರಬೇಕು. ಅವರ ಜಾಗವನ್ನು ನಕ್ಷೆಯಲ್ಲೇ ಗುರುತಿಸದಿದ್ದರೆ ಹೊಸ ಫುಟ್‌ಪಾತ್ ಮೇಲೆ ಹೇಗೂ ಕೂರುತ್ತಾರೆ, ಜನ ರಸ್ತೆಗಿಳಿಯುತ್ತಾರೆ.

ಊರು ಬೆಳೆಯುವ ಮಾತಿಗೆ ಬಂದರೆ, ಮಾಸ್ಟರ್ ಪ್ಲಾನ್ ಕರಡು ಪ್ರಕಟವಾದಾಗ ಆಕ್ಷೇಪಣೆಗೆ 60 ದಿನ ಇರುತ್ತದೆ, ಬರವಣಿಗೆಯಲ್ಲಿ ಕೊಡಬೇಕು. ಎರಡು ವಿಷಯ ನೋಡು. ಒಂದು, ನೀರು: ಒಳಚರಂಡಿ ಇರುವ ಊರಿಗೆ ತಲಾ 135 ಲೀಟರ್ ಲೆಕ್ಕ. 50,000 ಜನಕ್ಕೆ ದಿನಕ್ಕೆ 67.5 ಲಕ್ಷ ಲೀಟರ್, ಅದರಲ್ಲಿ ಶೇ. 80 ಕೊಳಚೆಯಾಗಿ ವಾಪಸು ಬರುತ್ತದೆ. ನೀರಿನ ಮೂಲವೂ ಕೊಳಚೆ ಶುದ್ಧೀಕರಣ ಘಟಕವೂ ಇದಕ್ಕೆ ಸಾಲದಿದ್ದರೆ ನಕ್ಷೆಯಲ್ಲಿ ವಸತಿ ಪ್ರದೇಶದ ಹಳದಿ ಬಣ್ಣ ಬಳಿದು ಲೇಔಟ್ ತೋರಿಸಿ ಪ್ರಯೋಜನವಿಲ್ಲ. ಎರಡು, ಬಸ್ ನಿಲ್ದಾಣವನ್ನೂ ತಾಲ್ಲೂಕು ಕಚೇರಿಯನ್ನೂ ಬೈಪಾಸ್‌ಗೆ ಒಯ್ಯುವ ಪ್ರಸ್ತಾಪ. ಹಳ್ಳಿಯಿಂದ ಕೆಲಸಕ್ಕೆ ಬಂದವರೇ ಪೇಟೆಯ ಗಿರಾಕಿಗಳು. ಅವರನ್ನು ಮೂರು ಕಿಲೋಮೀಟರ್ ಆಚೆ ಇಳಿಸಿ ಇತ್ತ ಪೇಟೆ ಅಭಿವೃದ್ಧಿಗೆ ಹಣ ಸುರಿಯುವುದು ನನಗಂತೂ ಅರ್ಥವಾಗದ ಮಾತು.

ಒಮ್ಮುಖ ಸಂಚಾರವನ್ನು ಮೊದಲು ಡ್ರಮ್ಮು, ಹಗ್ಗ ಕಟ್ಟಿ ಒಂದು ತಿಂಗಳು ನಡೆಸಿ ನೋಡಿ. ಸಂತೆ ದಿನವೂ ಹಬ್ಬದ ವಾರವೂ ಅದರಲ್ಲಿ ಬರಲಿ. ಕಡತದಲ್ಲಿ ಲೆವೆಲ್ ಪಟ್ಟಿ ಇದ್ದರೆ ಫೋಟೊ ತೆಗೆದು ವಾಟ್ಸಾಪ್ ಮಾಡು. ಇಲ್ಲದಿದ್ದರೆ ಮುಂದಿನ ಸಭೆಯಲ್ಲಿ ಅದನ್ನೇ ಮೊದಲು ಕೇಳು.

ನಿನ್ನ,
ರವಿ