ಮರಳಿನಲ್ಲಿ ಲೀಟರಿಗೆ 5 ಕಿಲೋಮೀಟರ್ ಹಿಡಿ

ಕಲಬುರಗಿ

ಚಿ. ಮಲ್ಲುಗೆ ಕಾಕಾನ ಆಶೀರ್ವಾದ.

ಫೋನಿನಲ್ಲಿ ನೀನು ಹೇಳಿದ ಲೆಕ್ಕ ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. ಆಸ್ಟ್ರೇಲಿಯಾದ ಸಿಂಪ್ಸನ್ ಮರುಭೂಮಿ ದಾಟಲು ಟ್ಯಾಂಕ್ 80 ಲೀಟರ್, ಲೀಟರಿಗೆ 10 ಕಿಲೋಮೀಟರ್, ಪೂರ್ವದ ಅಂಚಿನ ಬರ್ಡ್ಸ್‌ವಿಲ್‌ನಿಂದ ಪಶ್ಚಿಮದ ಮೌಂಟ್ ಡೇರ್‌ಗೆ ಸುಮಾರು 500 ಕಿಲೋಮೀಟರ್, ಒಂದು ಕ್ಯಾನ್ ಇದ್ದರೆ ಸಾಕು ಅಂದೆ. ಸಾಕಾಗಲ್ಲಪ್ಪ. ಆ 10 ಅನ್ನೋದು ಅಡಿಲೇಡ್‌ನ ಡಾಂಬರು ರಸ್ತೆಯ ಮಾತು. ನಾನು ಸೌದಿಯಲ್ಲಿ ಕಂಪನಿ ಗಾಡಿ ಓಡಿಸಿದವನು. ಮರಳಿಗೆ ಇಳಿದ ಮೇಲೆ ಲೀಟರಿಗೆ 5 ಹಿಡಿ. ಆಗ ದಾರಿಗೇ 100 ಲೀಟರ್ ಬೇಕು. ಉಪ್ಪಿನ ಕೆರೆ ಹಸಿಯಾಗಿದ್ದರೆ ಸುತ್ತು ಹಾಕಬೇಕು, ದಿಬ್ಬ ಹತ್ತದಿದ್ದರೆ ಹಿಂದೆ ಬಂದು ಮತ್ತೆ ಹತ್ತಬೇಕು. ಅದಕ್ಕೆ ಇನ್ನೂ ಕಾಲು ಭಾಗ ಸೇರಿಸು. ಟ್ಯಾಂಕ್ ತುಂಬಾ ತುಂಬಿಸಿ, 20 ಲೀಟರಿನ ಮೂರು ಕ್ಯಾನ್ ಇಟ್ಟುಕೋ. ನಡುವೆ ಎಲ್ಲೂ ಬಂಕ್ ಇಲ್ಲ, ಅದು ನಿನಗೂ ಗೊತ್ತು.

ಇನ್ನೊಂದು ಮಾತು. ಬರ್ಡ್ಸ್‌ವಿಲ್‌ನಿಂದ ಯಾಕೆ ಶುರು ಮಾಡ್ತಿ? ತಿರುಗಿಸು. ಊಡ್ನಡಾಟಾ ಕಡೆಯಿಂದ ಮೌಂಟ್ ಡೇರ್‌ಗೆ ಹೋಗಿ, ಪಶ್ಚಿಮದಿಂದ ಪೂರ್ವಕ್ಕೆ ದಾಟು. ಅಲ್ಲಿ ಸಾವಿರಕ್ಕೂ ಮಿಕ್ಕಿ ದಿಬ್ಬಗಳು ಸಾಲಾಗಿ ಮಲಗಿವೆ. ಪಶ್ಚಿಮದ ಮಗ್ಗುಲು ಇಳಿಜಾರು, ಪೂರ್ವದ್ದು ಕಡಿದು. ನೀನು ಅಂದುಕೊಂಡ ದಿಕ್ಕಿನಲ್ಲಿ ಹೋದರೆ ಪ್ರತಿ ದಿಬ್ಬವನ್ನೂ ಕಡಿದಾದ ಕಡೆಯಿಂದಲೇ ಹತ್ತಬೇಕು. ಸುಮ್ನೆ ಡೀಸೆಲ್ ಸುಡೋದು.

ಡೀಸೆಲ್ ಉಳಿಯೋದು ಟೈರಿನಲ್ಲಿ. ಮರಳು ಶುರುವಾಗುವ ಮೊದಲೇ ಗಾಡಿ ನಿಲ್ಲಿಸಿ ನಾಲ್ಕೂ ಟೈರಿನ ಹವಾ ಇಳಿಸು. 35 ಪಿಎಸ್‌ಐ ಇದ್ದರೆ 18ಕ್ಕೆ ತಾ. ಟೈರು ಉಬ್ಬಿ, ನೆಲಕ್ಕೆ ತಾಗುವ ಜಾಗ ಉದ್ದವಾಗೋದು ಕಣ್ಣಿಗೇ ಕಾಣುತ್ತದೆ. ಗೇಜ್ ಇಟ್ಟೇ ನೋಡು, ಬೂಟಿನಿಂದ ಒದ್ದು ನೋಡೋದಲ್ಲ. ಮಧ್ಯಾಹ್ನ ಟೈರು ಕಾದ ಮೇಲೆ ಹವಾ ಏರುತ್ತದೆ, ಮತ್ತೊಮ್ಮೆ ನೋಡು. ನಮ್ಮ ತೊಗರಿ ಹೊಲದ ಎರೆಮಣ್ಣಿನಲ್ಲಿ ಟ್ರ್ಯಾಕ್ಟರ್ ಹೂತಾಗ ನಿಮ್ಮಪ್ಪ ಎಕ್ಸಲೇಟರ್ ಒತ್ತಿ ಒತ್ತಿ ಆಕ್ಸಲ್‌ವರೆಗೂ ಇಳಿಸಿದ್ದ, ನೆನಪಿದೆಯಾ? ಮರಳೂ ಹಾಗೆಯೇ. ಚಕ್ರ ತಿರುಗಿದಷ್ಟೂ ಗುಂಡಿ. ಗಾಡಿ ನಿಂತಿತು ಅನ್ನಿಸಿದ ಕ್ಷಣ ಕಾಲು ತೆಗೆ. ಬಂದ ಗೆರೆಯಲ್ಲೇ ನೆಟ್ಟಗೆ ಹಿಂದಕ್ಕೆ ಇಳಿ. ದಿಬ್ಬದ ಮೇಲೆ ಅಡ್ಡ ತಿರುಗಿಸಬೇಡ, ಪಲ್ಟಿ ಆಗೋದು ಅಲ್ಲೇ. ಎರಡನೇ ಸಲವೂ ಹತ್ತದಿದ್ದರೆ ಜೋರು ಹೆಚ್ಚಿಸಬೇಡ, ಇನ್ನೆರಡು ಪಾಯಿಂಟ್ ಹವಾ ಇಳಿಸು.

ಕ್ಯಾನ್‌ಗಳನ್ನು ಗಾಡಿಯ ನೆತ್ತಿಗೆ ಕಟ್ಟಬೇಡ. 20 ಲೀಟರ್ ಡೀಸೆಲ್ ಅಂದರೆ ಹದಿನಾರು ಹದಿನೇಳು ಕಿಲೋ. ಮೂರು ಕ್ಯಾನ್ ಮೇಲೆ ಕೂತರೆ ಗಾಡಿ ವಾಲುತ್ತದೆ. ಕೆಳಗೆ, ಹಿಂದಿನ ಆಕ್ಸಲ್‌ಗೆ ಹತ್ತಿರ ಬಿಗಿಯಾಗಿ ಕಟ್ಟು. ಟ್ಯಾಂಕಿನಲ್ಲಿ ಒಂದು ಕ್ಯಾನ್ ಹಿಡಿಸುವಷ್ಟು ಜಾಗ ಆದ ಕೂಡಲೇ ಸುರಿದುಬಿಡು. ಕೊನೆಗೆ ಅಂತ ಇಟ್ಟ ಕ್ಯಾನು ಅಷ್ಟರಲ್ಲಿ ತಿಕ್ಕಿ ತೂತಾಗಿರುತ್ತದೆ.

ಸುರಿಯುವಾಗ ಗಾಡಿಯನ್ನೇ ಗಾಳಿಗೆ ಅಡ್ಡ ನಿಲ್ಲಿಸು. ಮುಚ್ಚಳದ ಸುತ್ತ ಒದ್ದೆ ಬಟ್ಟೆಯಿಂದ ಒರೆಸಿದ ಮೇಲೆಯೇ ತೆಗೆ. ಜಾಲರಿ ಇರುವ ಲಾಳಿಕೆ ಬಳಸು. ಊರಿಗೆ ಬಂದ ಮೇಲೆ ಇಲ್ಲಿ ಹುಮನಾಬಾದ್ ರೋಡಿನಲ್ಲಿ ನಾನು ಬಿಚ್ಚಿದ ಡೀಸೆಲ್ ಪಂಪುಗಳಲ್ಲಿ ಹೆಚ್ಚಿನವು ಹಾಳಾಗಿದ್ದದ್ದು ಕಸದಿಂದ, ನೀರಿನಿಂದ. ನಿನ್ನದು ಕಾಮನ್ ರೈಲ್ ಗಾಡಿ, ಡೀಸೆಲನ್ನು ಭಾರಿ ಒತ್ತಡದಲ್ಲಿ ಚಿಮ್ಮಿಸುವಂಥದ್ದು. ಅದರ ಇಂಜೆಕ್ಟರ್‌ಗೆ ಕಣ್ಣಿಗೆ ಕಾಣದ ಪುಡಿಯೂ ಜಾಸ್ತಿಯೇ. ಅದಕ್ಕೇ ಒಂದು ಹೊಸ ಡೀಸೆಲ್ ಫಿಲ್ಟರ್ ಜೊತೆಗಿರಲಿ. ಟ್ಯಾಂಕನ್ನು ತಳ ಮುಟ್ಟಿಸಬೇಡ. ಪಂಪ್ ಹವಾ ಎಳೆದುಕೊಂಡರೆ ಆ ಹವಾ ಹೊರಗೆ ತೆಗೆಯುತ್ತಾ ಬಿಸಿಲಲ್ಲಿ ಕೂರಬೇಕಾಗುತ್ತದೆ.

ಒಬ್ಬನೇ ಹೋಗುವ ಮಾತು ಬೇಡ, ಇನ್ನೊಂದು ಗಾಡಿ ಇರಲೇಬೇಕು. ಸ್ಯಾಟಲೈಟ್ ಫೋನ್ ಬಾಡಿಗೆಗೆ ತಗೋ. ಎತ್ತರದ ಕೋಲಿಗೆ ಬಾವುಟ ಕಟ್ಟೋದು ಅಲ್ಲಿ ಕಡ್ಡಾಯ. ದಿಬ್ಬದ ಆಚೆ ಬರುವವನಿಗೆ ಮೊದಲು ಕಾಣೋದು ಅದೇ. ನೀರು ತಲೆಗೆ ದಿನಕ್ಕೆ 10 ಲೀಟರ್ ಹಿಡಿ. ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಆ ಮರುಭೂಮಿಯ ನ್ಯಾಷನಲ್ ಪಾರ್ಕ್ ಮುಚ್ಚಿರುತ್ತದೆ, ಹಾಗಾಗಿ ರಜೆಯನ್ನು ಜುಲೈಗೇ ಹಾಕು. ತಿನ್ನಲು ನಿನ್ನ ಹೆಂಡತಿಗೆ ಹೇಳಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿಸಿಕೋ. ಕೆಡಲ್ಲ, ಒಲೆಯೂ ಬೇಡ.

ಕೊನೆಗೆ ಬರ್ಡ್ಸ್‌ವಿಲ್‌ಗೆ ಇನ್ನು 35 ಕಿಲೋಮೀಟರ್ ಇರುವಾಗ ಬಿಗ್ ರೆಡ್ ಬರುತ್ತದೆ. ಸುಮಾರು 40 ಮೀಟರ್ ಎತ್ತರದ ದಿಬ್ಬ. ಹುಡುಗರು ಅಲ್ಲಿ ವಿಡಿಯೋಗಾಗಿ ಗಾಡಿ ಹಾರಿಸುತ್ತಾರಂತೆ. ನೀನು ಡೀಸೆಲ್ ಮುಳ್ಳು ನೋಡಿ ತೀರ್ಮಾನಿಸು, ಪಕ್ಕದಲ್ಲೇ ತಗ್ಗಿನ ದಾರಿಯೂ ಇದೆ. ಊರು ಮುಟ್ಟಿದ ಮೇಲೆ ಟೈರಿಗೆ ಹವಾ ತುಂಬದೆ ಸ್ಪೀಡ್ ಮಾಡಬೇಡ.

ಎಲ್ಲೆಲ್ಲಿ ಎಷ್ಟು ಲೀಟರ್ ಸುರಿದೆ, ಮೀಟರ್ ಎಷ್ಟಿತ್ತು, ಒಂದು ಚೀಟಿಯಲ್ಲಿ ಬರೆದಿಡು. ಬಂದ ಮೇಲೆ ಫೋಟೋ ತೆಗೆದು ಕಳಿಸು. ನನ್ನ 5 ಸರಿಯೋ, ನಿನ್ನ 10 ಸರಿಯೋ ನೋಡೋಣ.

ನಿನ್ನ ಕಾಕಾ